ಯುದ್ಧಕಾಲದ ಕಥೆ, ಆದರೆ ಯುದ್ಧಭೂಮಿ ಬೇಡ: ಯಾವ ಬ್ರಿಟಿಷ್ ಧಾರಾವಾಹಿ ನೋಡಲಿ?

ಎರಡನೇ ಮಹಾಯುದ್ಧದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಮನೆಯಲ್ಲೇ ಉಳಿದವರು ಹೇಗೆ ಬದುಕಿದರು ಅಂತ ತೋರಿಸುವ ಧಾರಾವಾಹಿ ಕೇಳಿದ್ದೀರಿ. ನನ್ನ ಮಾತು ಕೇಳಿದರೆ ‘ಹೌಸ್‌ವೈಫ್, 49’ ಮೊದಲು ನೋಡಿ. ಧಾರಾವಾಹಿ ಅಲ್ಲ, 2006ರ ಒಂದೂವರೆ ಗಂಟೆಯ ಟಿವಿ ಚಿತ್ರ.

ಚಿತ್ರದ ನಾಯಕಿ ನೆಲ್ಲಾ ಲಾಸ್ಟ್ ನಿಜವಾಗಿ ಬಾಳಿದ ಹೆಂಗಸು. ಹಡಗು ಕಟ್ಟುವ ಊರು ಬ್ಯಾರೋದಲ್ಲಿ ಮನೆ. ‘ಮಾಸ್ ಅಬ್ಸರ್ವೇಶನ್’ ಎಂಬ ಸಂಸ್ಥೆ ಆಗ ಸಾಮಾನ್ಯ ಜನರಿಂದ ದಿನಚರಿ ಬರೆಸಿ ತರಿಸಿಕೊಳ್ಳುತ್ತಿತ್ತು. 1939ರಲ್ಲಿ ಈಕೆಯೂ ಬರೆಯಲು ಕೂತಳು. ತಾನು ಯಾರು ಅಂತ ಹೇಳಿಕೊಂಡಿದ್ದು ಇಷ್ಟೇ: ಗೃಹಿಣಿ, 49. ಗಂಡ ದುಷ್ಟನಲ್ಲ. ಹೆಂಡತಿ ಹೊಸ್ತಿಲು ದಾಟಿದರೆ ಮುಖ ಊದಿಸಿಕೊಳ್ಳುವ ಪೈಕಿ. ನನ್ನಮ್ಮ ಜೊತೆಗೆ ಕೂತು ನೋಡಿದ್ದಳು, ಅವನು ಬಂದಾಗಲೆಲ್ಲ ‘ಇಂಥವರು ನಮ್ಮ ಬೀದಿಲೂ ಇದ್ರು’ ಅನ್ನುತ್ತಿದ್ದಳು. ನರಗಳ ಕಾಯಿಲೆಯಿಂದ ಕುಗ್ಗಿದ್ದ ನೆಲ್ಲಾ ಯುದ್ಧದ ನೆಪದಲ್ಲಿ ಸ್ವಯಂಸೇವಕಿಯರ ಗುಂಪು ಸೇರುತ್ತಾಳೆ. 1941ರಲ್ಲಿ ಊರಿನ ಮೇಲೆ ಬಾಂಬು ಬೀಳುತ್ತದೆ, ಮಗ ಸೈನ್ಯದಲ್ಲಿದ್ದಾನೆ, ಆದರೂ ಅವಳು ದಿನೇ ದಿನೇ ಗಟ್ಟಿಯಾಗುತ್ತಾಳೆ. ಈ ಮುಜುಗರದ ಸತ್ಯವನ್ನು ಚಿತ್ರ ಬಚ್ಚಿಡುವುದಿಲ್ಲ, ಅದಕ್ಕೇ ನನಗಿಷ್ಟ. ವಿಕ್ಟೋರಿಯಾ ವುಡ್ ತಾವೇ ಬರೆದು ತಾವೇ ನಟಿಸಿದ್ದಾರೆ. ಜನರನ್ನು ನಗಿಸಿ ಹೆಸರಾದವರು, ಇಲ್ಲಿ ಮಾತು ನುಂಗಿಕೊಂಡು ನಿಲ್ಲುವುದನ್ನು ನೋಡಬೇಕು.

ಜಾಸ್ತಿ ದಿನ ನೋಡುವಂಥದ್ದು ಬೇಕಾದರೆ ‘ಫಾಯ್ಲ್ಸ್ ವಾರ್’, 2002ರಲ್ಲಿ ಶುರುವಾಗಿದ್ದು. ಕಡಲ ತೀರದ ಹೇಸ್ಟಿಂಗ್ಸ್‌ನ ಪೊಲೀಸ್ ಅಧಿಕಾರಿ ಫಾಯ್ಲ್. ಯುದ್ಧದ ಕೆಲಸ ಕೊಡಿ ಅಂದರೆ ಮೇಲಿನವರು ‘ಇಲ್ಲೇ ಇರು’ ಅನ್ನುತ್ತಾರೆ. ಕೊಲೆಗಳಿಗಿಂತ ಅವುಗಳ ಹಿಂದಿನ ಕಾರಣ ಸ್ವಾರಸ್ಯ. 1940ರ ಜನವರಿಯಿಂದ ಬೆಣ್ಣೆ, ಸಕ್ಕರೆಗೆ ರೇಷನ್. ರೇಷನ್ ಇದ್ದಲ್ಲಿ ಕಾಳಸಂತೆ ಇರಲೇಬೇಕು, ಅಲ್ವಾ? ಪೆಟ್ರೋಲ್ ಕದಿಯುವವರಿದ್ದಾರೆ. ಮೊದಲ ಕಂತಿನಲ್ಲಿ ಸಾಧಾರಣ ಜರ್ಮನ್ನರನ್ನು ಹಿಡಿದು ಶಿಬಿರಕ್ಕೆ ಹಾಕುತ್ತಿರುವಾಗ, ನ್ಯಾಯಾಧೀಶರ ಜರ್ಮನ್ ಹೆಂಡತಿ ಮಾತ್ರ ಆರಾಮಾಗಿ ಕುದುರೆ ಓಡಿಸಿಕೊಂಡಿರುತ್ತಾಳೆ. ಕೊನೆಯ ಸೀಸನ್‌ಗಳು ಯುದ್ಧ ಮುಗಿದ ಮೇಲಿನ ಗೂಢಚಾರರ ಕಥೆ. ಅಲ್ಲಿ ಹೇಸ್ಟಿಂಗ್ಸ್ ಇಲ್ಲ, ನನಗೆ ಅಷ್ಟು ಹಿಡಿಸಲಿಲ್ಲ.

‘ಹೋಮ್ ಫೈರ್ಸ್’ ಕೂಡ ಚೆನ್ನಾಗಿದೆ. ಚೆಶೈರ್‌ನ ಹಳ್ಳಿ, ಜಾಮ್ ಮಾಡುವ ಮಹಿಳಾ ಸಂಘ. ಆದರೆ ಮೊದಲೇ ಹೇಳಿಬಿಡುತ್ತೇನೆ: ಎರಡನೇ ಸೀಸನ್ನಿನ ಕೊನೆಗೆ ವಿಮಾನವೊಂದು ಮನೆಯ ಮೇಲೆ ಬೀಳುತ್ತದೆ. ಚಾನೆಲ್‌ನವರು ಅಲ್ಲಿಗೇ ನಿಲ್ಲಿಸಿಬಿಟ್ಟರು. ಒಳಗಿದ್ದವರ ಗತಿ ಏನಾಯಿತು ಅಂತ ಟಿವಿಯಲ್ಲಿ ತೋರಿಸಲೇ ಇಲ್ಲ.