ಚಳಿಗಾಲಕ್ಕೆ ಅಪ್ಪ ಅಮ್ಮ ನ್ಯೂಜೆರ್ಸಿಗೆ ಬರುವ ಮುಂಚೆ

ಹಾಸನದಿಂದ ಅಪ್ಪ ಅಮ್ಮ ನವೆಂಬರಿನಲ್ಲಿ ಬಂದು ಐದು ತಿಂಗಳು ಇರುತ್ತಾರೆ, ಅಪ್ಪನಿಗೆ 74, ಅಮ್ಮನಿಗೆ 68, ಅಮ್ಮನಿಗೆ ಶುಗರ್ ಬೇರೆ, ಮನೆ ಬಾಡಿಗೆಯ ಟೌನ್‌ಹೌಸು ಎಂದು ಬರೆದಿದ್ದೀರಿ. ಯಾವ ಇನ್ಶೂರೆನ್ಸು, ಎಷ್ಟು ಸ್ವೆಟರು, ಮೆಟ್ಟಿಲು ಹತ್ತುವುದು ಕಷ್ಟವಾಗುತ್ತದಾ ಎಂಬುದು ಪ್ರಶ್ನೆ.

ಸ್ವೆಟರು ಇಲ್ಲೇ ಕೊಳ್ಳಿ. ಇನ್ಶೂರೆನ್ಸಿನಲ್ಲಿ ಅಗ್ಗದ ‘ಫಿಕ್ಸೆಡ್ ಬೆನಿಫಿಟ್’ ಪ್ಲಾನಿಗೆ ಮರುಳಾಗಬೇಡಿ. ಒಂದೊಂದು ಚಿಕಿತ್ಸೆಗೆ ಇಷ್ಟೇ ಎಂದು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಸೊಂಟದ ಮೂಳೆ ಮುರಿದರೆ ಉಳಿದ ಬಿಲ್ಲೆಲ್ಲ ನಿಮ್ಮ ತಲೆಗೇ. ಬಂದ ಬಿಲ್ಲಿನ ಬಹುಪಾಲನ್ನು ಪಾಲಿಸಿಯ ಮಿತಿಯವರೆಗೆ ಕೊಡುವ ‘ಕಾಂಪ್ರಿಹೆನ್ಸಿವ್’ ಪ್ಲಾನ್ ತೆಗೆದುಕೊಳ್ಳಿ, ಹಳೆಯ ಕಾಯಿಲೆಗಳ ಬಗ್ಗೆ ಅದರಲ್ಲಿ ಏನು ಬರೆದಿದೆ ಎಂದು ಓದಿ. ಇಲ್ಲಿ ವಯಸ್ಸಾದವರಿಗಿರುವ ಸರ್ಕಾರಿ ಇನ್ಶೂರೆನ್ಸು ಮೆಡಿಕೇರ್ ವಿಸಿಟರ್ ವೀಸಾದವರಿಗೆ ಇಲ್ಲ.

ಇನ್ನು ಮೆಟ್ಟಿಲು. ನೀವು ಕೇಳಿದ್ದು ಮೇಲಕ್ಕೆ ಹೋಗುವ ಮೆಟ್ಟಿಲನ್ನು. ನನಗೆ ಭಯ ಅವರು ಬೀಳುವುದರದು, ಮೊದಲಿಗೆ ಬೇಸ್‌ಮೆಂಟಿಗೆ ಇಳಿಯುವ ಮೆಟ್ಟಿಲಿನದು. ನಾನು ಬಂದ ಹೊಸದರಲ್ಲಿ ಇಲ್ಲಿನ ಮನೆಗಳಲ್ಲಿ ತಬ್ಬಿಬ್ಬು ಮಾಡಿದ್ದು ಬಾಗಿಲುಗಳೇ. ಬಚ್ಚಲು, ಕಪಾಟು, ಬೇಸ್‌ಮೆಂಟು ಮೂರಕ್ಕೂ ಒಂದೇ ಬಿಳಿ ಬಾಗಿಲು, ಒಂದೇ ಹಿಡಿ. ಚಳಿಗಾಲದಲ್ಲಿ ಊರಿಗೂ ಇಲ್ಲಿಗೂ ಹತ್ತೂವರೆ ಗಂಟೆ ಅಂತರ. ರಾತ್ರಿ ಎರಡಕ್ಕೆ ಎಚ್ಚರವಾಗಿ, ಮಕ್ಕಳ ನಿದ್ದೆ ಕೆಡಬಾರದೆಂದು ದೀಪ ಹಾಕದೆ ಬಚ್ಚಲು ಹುಡುಕುತ್ತಾರೆ. ಬೇಸ್‌ಮೆಂಟಿನ ಬಾಗಿಲು ತೆಗೆದರೆ ಎಷ್ಟೋ ಮನೆಗಳಲ್ಲಿ ಹೊಸ್ತಿಲಿಂದಲೇ ಮೆಟ್ಟಿಲು, ಕಾಲಿಡಲು ಜಾಗವೇ ಇಲ್ಲ. ಆ ಬಾಗಿಲಿಗೆ ಮೇಲ್ಗಡೆ ಒಂದು ಚಿಲಕ ಹಾಕಿಸಿ. ಮಂಚದಿಂದ ಬಚ್ಚಲವರೆಗೆ ಓಡಾಡಿದರೆ ತಾನೇ ಹತ್ತುವ ಸಣ್ಣ ದೀಪಗಳನ್ನು ಮೊಣಕಾಲಿನ ಎತ್ತರದಲ್ಲಿ ಸಿಕ್ಕಿಸಿ, ಬಚ್ಚಲ ಬಾಗಿಲು ತೆರೆದೇ ಇರಲಿ.

ಬಚ್ಚಲಿನಲ್ಲಿ ಟಬ್ಬಿನ ಅಂಚು ಮೊಣಕಾಲೆತ್ತರ. ಒದ್ದೆ ಕಾಲಲ್ಲಿ ಅದನ್ನು ದಾಟುವಾಗ ಕೈ ಹೋಗುವುದು ಟವೆಲ್ ಕಂಬಿಗೆ, ಅದು ಕಿತ್ತು ಬರುತ್ತದೆ. ಇಲ್ಲಿನ ಗೋಡೆ ಇಟ್ಟಿಗೆಯದಲ್ಲ. ಜಿಪ್ಸಂ ಹಲಗೆ, ಅದರ ಹಿಂದೆ ಸಾಮಾನ್ಯವಾಗಿ 16 ಇಂಚಿಗೊಂದು ಮರದ ಪಟ್ಟಿ. ಹಿಡಿಕಂಬಿಯ ಸ್ಕ್ರೂ ಆ ಮರಕ್ಕೇ ಇಳಿಯಬೇಕು, ನೆಲದಿಂದ 33ರಿಂದ 36 ಇಂಚು ಎತ್ತರದಲ್ಲಿ. ಮನೆ ಮಾಲೀಕರಿಗೆ ಇಮೇಲ್ ಮಾಡಿ ಒಪ್ಪಿಗೆ ಪಡೆಯಿರಿ. ಗಾಳಿ ಹೀರಿ ಟೈಲಿಗೆ ಅಂಟಿಕೊಳ್ಳುವ ಕಂಬಿ ಬೇಡವೇ ಬೇಡ, ಅದು ಭಾರ ಬಿದ್ದ ಹೊತ್ತಿಗೇ ಕಳಚಿಕೊಳ್ಳುತ್ತದೆ. ಒಪ್ಪಿಗೆ ಸಿಗದಿದ್ದರೆ ‘ಟ್ರಾನ್ಸ್‌ಫರ್ ಬೆಂಚ್’ ತನ್ನಿ. ಎರಡು ಕಾಲು ಟಬ್ಬಿನ ಒಳಗೆ, ಎರಡು ಹೊರಗೆ. ಹೊರಗೆ ಕೂತು, ಸರಿದು, ಆಮೇಲೆ ಕಾಲು ಒಳಗೆ ತೆಗೆದುಕೊಳ್ಳುವುದು. ಮಣೆಯ ಮೇಲೆ ಕೂತು ಚೆಂಬಿನಲ್ಲಿ ಮಿಂದವರಿಗೆ ಇದು ಬೇಗ ಒಗ್ಗುತ್ತದೆ. ಕೈಯಲ್ಲಿ ಹಿಡಿಯುವ ಶವರ್ ಹಾಕಿಸಿ. ಕಮೋಡಿನ ಪಕ್ಕ ಚೆಂಬು ಇಟ್ಟರೆ ನೀರು ನೆಲಕ್ಕೆ ಬಿದ್ದೇ ಬೀಳುತ್ತದೆ, ಹರಿದು ಹೋಗಲು ಕಿಂಡಿ ಇಲ್ಲ. ಅಲ್ಲಿಗೂ ಒಂದು ಸ್ಪ್ರೇ, ಕೆಳಗೆ ರಬ್ಬರ್ ತಳದ ಮ್ಯಾಟು.

ಹೊರಡುವ ಮುಂಚೆ ಹಾಸನದ ಡಾಕ್ಟರ ಹತ್ತಿರ ಮಾತ್ರೆಗಳೆಲ್ಲದರ ಲೆಕ್ಕ ಆಗಲಿ. ಮಲಗಿದಾಗ ಒಮ್ಮೆ, ಎದ್ದು ನಿಂತ ಒಂದನೇ ಮತ್ತು ಮೂರನೇ ನಿಮಿಷಕ್ಕೆ ಬಿಪಿ ನೋಡಿಸಿ. ಮೇಲಿನ ಸಂಖ್ಯೆ 20 ಇಳಿದರೆ ಡಾಕ್ಟರಿಗೆ ಹೇಳಲೇಬೇಕು. ಇಲ್ಲಿ ನಿದ್ದೆ ಬರುತ್ತಿಲ್ಲವೆಂದು ಅಂಗಡಿಯಿಂದ ‘ಪಿಎಂ’ ಮಾತ್ರೆ ತಂದು ಕೊಡಬೇಡಿ. ಅವುಗಳಲ್ಲಿ ಸಾಮಾನ್ಯವಾಗಿ ಇರುವ ಡೈಫೆನ್‌ಹೈಡ್ರಮಿನ್ ವಯಸ್ಸಾದವರಿಗೆ ತಲೆ ಮಂಕು ಮಾಡಿ ಬೀಳಿಸುತ್ತದೆ. ಅಮ್ಮನಿಗೆ ಅಂಗಾಲಿನ ಸ್ಪರ್ಶ ಕಡಿಮೆಯಾಗಿದ್ದರೆ ಮರದ ನೆಲದ ಮೇಲೆ ಬರಿ ಕಾಲುಚೀಲದಲ್ಲಿ ಓಡಾಟ ಬೇಡ. ಮನೆಯೊಳಗೆಂದೇ ಹೊಸ ಜೋಡು ತನ್ನಿ, ಹಿಮ್ಮಡಿ ಮುಚ್ಚುವಂಥದ್ದು. ಹೊರಗೆ ಮೆಟ್ಟಿದ್ದಲ್ಲ ಎಂದು ಗೊತ್ತಾದರೆ ಹಾಕಿಕೊಳ್ಳುತ್ತಾರೆ.

ಇದಿಷ್ಟೂ ಒಂದು ಶನಿವಾರದ ಕೆಲಸ, ಒಂದು ಡಾಕ್ಟರ ಭೇಟಿ. ಈ ಮೆಟ್ಟಿಲು, ಬಚ್ಚಲುಗಳಿಗಿಂತ ಹೆಚ್ಚು ಹಾನಿ ಮಾಡುವುದು ನಮ್ಮ ಉಪಚಾರ. ಊರಲ್ಲಿ ಅಂಗಳಕ್ಕೆ ನೀರು ಹಾಕಿ, ಹೂ ಕಿತ್ತು, ಹಾಲಿಗೆ ಹೋಗಿ, ಸಂಜೆ ದೇವಸ್ಥಾನ ಸುತ್ತಿ ಬರುವ ಜೀವಗಳು. ಇಲ್ಲಿ ‘ಡಿಶ್‌ವಾಶರ್ ಇದೆ ಬಿಡಮ್ಮ’, ‘ಹೊರಗೆ ಚಳಿ, ಹೋಗಬೇಡಿ ಅಪ್ಪ’. ಮೆತ್ತನೆ ಸೋಫಾದಲ್ಲಿ ಕೂರಿಸಿ ತೊಡೆಯ ಶಕ್ತಿಯನ್ನು ನಾವೇ ಇಳಿಸುತ್ತೇವೆ. ಹೊಸ ಮನೆ ರೂಢಿಯಾಯಿತೆಂದು ನಿಶ್ಚಿಂತೆಯಿಂದಿರುವಾಗ, ಫೆಬ್ರವರಿಯಲ್ಲಿ, ಎಡವಲು ಏನೂ ಇಲ್ಲದ ಕಡೆ ಮುಗ್ಗರಿಸುತ್ತಾರೆ. ಇಲ್ಲಿ ನೆಲೆಸಿದ ನಮ್ಮಲ್ಲಿ ಅನೇಕರು ಕೊರಗುವುದು ಇದಕ್ಕೇ.

ಬಂದು ಒಂದು ವಾರವಾದ ಮೇಲೆ ಒಂದು ಪರೀಕ್ಷೆ ಮಾಡಿ. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಡಿ, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಣಿಸಿ. ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ಅಳತೆಯಲ್ಲಿ ಆ ವಯಸ್ಸಿನ ಅಪ್ಪನಿಗೆ 12ಕ್ಕಿಂತ, ಅಮ್ಮನಿಗೆ 11ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಹೆಚ್ಚು. ಮದ್ದೂ ಅದೇ ಕುರ್ಚಿ: ದಿನ ಬಿಟ್ಟು ದಿನ ಹತ್ತು ಹತ್ತರಂತೆ ಎರಡು ಸಲ ಎದ್ದು ಕೂರುವುದು, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ನಡಿಗೆಗೆ ಮಾಲ್ ಇದೆ. ತರಕಾರಿ ನಿಂತೇ ಹೆಚ್ಚಲಿ, ಬಟ್ಟೆ ಮಡಚಲಿ. ಬಟ್ಟೆ ಬುಟ್ಟಿ ಹೊತ್ತು ಮೆಟ್ಟಿಲಿಳಿಯುವುದು ಮಾತ್ರ ನಿಮ್ಮ ಪಾಲಿಗಿರಲಿ, ಅವರ ಕೈ ಮೆಟ್ಟಿಲ ಪಕ್ಕದ ಕಂಬಿ ಹಿಡಿಯಲು ಬೇಕು.

‘ಬಿದ್ರಾ?’ ಎಂದರೆ ಇಲ್ಲ ಎನ್ನುತ್ತಾರೆ, ಮಕ್ಕಳಿಗೆ ಖರ್ಚು ಎಂಬ ಭಯ. ‘ಕಾಲು ಜಾರಿತಾ, ಗೋಡೆ ಹಿಡ್ಕೊಂಡ್ರಾ?’ ಎಂದು ಕೇಳಿ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟು ಬಿದ್ದರೆ, ನಗುನಗುತ್ತಾ ಮಾತಾಡುತ್ತಿದ್ದರೂ ಎಮರ್ಜೆನ್ಸಿಗೆ ಕರೆದೊಯ್ಯಿರಿ. ಬಿದ್ದವರನ್ನು ರಟ್ಟೆ ಹಿಡಿದು ಎಳೆಯಬೇಡಿ. ಸೊಂಟ ನೋವು, ಕಾಲೂರಲು ಆಗುತ್ತಿಲ್ಲ ಎಂದರೆ ಅಲ್ಲೇ ಬೆಚ್ಚಗೆ ಹೊದಿಸಿ ತುರ್ತು ಸಹಾಯದ 911ಕ್ಕೆ ಫೋನ್ ಮಾಡಿ. ಏನೂ ನೋವಿಲ್ಲದಿದ್ದರೆ ಪಕ್ಕಕ್ಕೆ ಹೊರಳಿ, ಅಂಬೆಗಾಲಿನಲ್ಲಿ ಕುರ್ಚಿಯವರೆಗೆ ಬಂದು, ಎರಡೂ ಕೈ ಅದರ ಮೇಲಿಟ್ಟು, ಗಟ್ಟಿಯಿರುವ ಕಾಲನ್ನು ಮುಂದೆ ಊರಿ ತಾವೇ ಏಳಲಿ. ಇನ್ನೊಂದು ಕುರ್ಚಿ ಹಿಂದೆ ತಂದಿಡುವುದಷ್ಟೇ ನಿಮ್ಮ ಕೆಲಸ.