ಹಳೆಯ ಪತ್ರಗಳಿಗೆ ಲ್ಯಾಮಿನೇಷನ್ ಬೇಡ

ಪ್ರಶ್ನೆ: ಅಜ್ಜನ ಕಾಲದ ಕ್ರಯಪತ್ರ, ಪಾಲುಪಟ್ಟಿಗಳು ತಗಡಿನ ಪೆಟ್ಟಿಗೆಯಲ್ಲಿ ಅಟ್ಟದ ಮೇಲಿದ್ದವು. ಮಡಿಸಿದ ಗೆರೆಗಳಲ್ಲಿ ಕಾಗದ ಸೀಳುತ್ತಿದೆ, ಅಂಚು ಕಂದಾಗಿದೆ. ಲ್ಯಾಮಿನೇಷನ್ ಮಾಡಿಸಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ಮಾಡಿಸಬೇಡಿ. ಬಿಸಿಯಿಂದ ಕರಗಿ ಕಾಗದಕ್ಕೆ ಅಂಟಿಕೊಳ್ಳುವ ಪ್ಲಾಸ್ಟಿಕ್ಕನ್ನು ಮುಂದೆ ಕಾಗದ ಹರಿಯದಂತೆ ಬಿಡಿಸುವುದು ಬಹುತೇಕ ಅಸಾಧ್ಯ. ಅಲ್ಲದೆ ನಿಮ್ಮ ಪತ್ರವನ್ನು ಕೆಡಿಸುತ್ತಿರುವುದು ಹೊರಗಿನ ಧೂಳು ಮಾತ್ರವಲ್ಲ. ಹತ್ತಿಬಟ್ಟೆಯ ಚಿಂದಿಯಿಂದ ಮಾಡುತ್ತಿದ್ದ ಹಳೆಯ ಕಾಗದ ಶತಮಾನಗಳ ಕಾಲ ಬಾಳುತ್ತಿತ್ತು. 19ನೆಯ ಶತಮಾನದಲ್ಲಿ ಮರದ ತಿರುಳಿನ ಕಾಗದ ಬಂದು, ಮಸಿ ಹರಡದಿರಲೆಂದು ಅದಕ್ಕೆ ಪಟಿಕ ಮತ್ತು ರಾಳವನ್ನು ಸೇರಿಸತೊಡಗಿದ ಮೇಲೆ, ಕಾಗದದೊಳಗೇ ಆಮ್ಲ ಹುಟ್ಟಿ ಅದರ ನಾರನ್ನು ತುಂಡರಿಸತೊಡಗಿತು. ಲ್ಯಾಮಿನೇಷನ್ ಆ ಆಮ್ಲವನ್ನು ಒಳಗೇ ಮುಚ್ಚಿಡುತ್ತದೆ, ಅಷ್ಟೆ.

ಮಲೆನಾಡಿನಲ್ಲಿ ಇನ್ನೊಂದು ಶತ್ರು ತೇವ. ಗಾಳಿಯ ತೇವಾಂಶ ಶೇ. 65–70ನ್ನು ದಾಟಿ ಹಾಗೆಯೇ ಉಳಿದರೆ ಬೂಷ್ಟು ಹಿಡಿಯುತ್ತದೆ. ಒಲೆಯ ಮೇಲಿನ ಅಟ್ಟ ಹಿಂದೆ ಬೆಚ್ಚಗಿರುತ್ತಿತ್ತು, ಹೊಗೆಗೆ ಹುಳುವೂ ಕಡಿಮೆ. ಗ್ಯಾಸ್ ಒಲೆ ಬಂದ ಮೇಲೆ ಅದೇ ಅಟ್ಟ ಮಳೆಗಾಲದಲ್ಲಿ ಥಂಡಿಯ ಜಾಗವಾಗಿದೆ. ಪತ್ರಗಳನ್ನು ಕೆಳಗಿಳಿಸಿ, ಹೊರಗೋಡೆಗೆ ತಾಗದ ಬೀರುವಿನಲ್ಲಿ, ನೆಲದಿಂದ ಎತ್ತರದಲ್ಲಿಡಿ.

ಮೊದಲು ಗುಂಡುಪಿನ್ನು, ಸ್ಟೇಪಲ್‌ಗಳನ್ನು ಮೆಲ್ಲಗೆ ತೆಗೆಯಿರಿ. ಅವುಗಳ ತುಕ್ಕು ಕಾಗದವನ್ನು ತೂತು ಮಾಡುತ್ತದೆ. ಪತ್ರಗಳನ್ನು ಬಿಡಿಸಿ ಚಪ್ಪಟೆಯಾಗಿಡಿ, ಆದರೆ ಮುರುಟಿದ ಕಾಗದವನ್ನು ಬಲವಂತದಿಂದ ಬಿಡಿಸಬೇಡಿ. ಪ್ರತಿಯೊಂದನ್ನೂ ಆಮ್ಲರಹಿತ ಕಾಗದದ ಮಡಿಕೆಯಲ್ಲಿ ಅಥವಾ ಪಾಲಿಯೆಸ್ಟರ್ ಕವರಿನಲ್ಲಿಡಿ. ಅಂಗಡಿಯ ಪಿವಿಸಿ ಕವರಿಗೆ ಅಕ್ಷರಗಳು ಅಂಟಿಕೊಳ್ಳುತ್ತವೆ. ಸೀಳಿಗೆ ಸೆಲ್ಲೋಟೇಪ್ ಹಚ್ಚಲೇಬಾರದು, ಅದರ ಅಂಟು ಹಳದಿ ಕಲೆಯಾಗಿ ಕಾಗದದಲ್ಲಿ ಇಳಿಯುತ್ತದೆ. ತೆಳುವಾದ ಜಪಾನಿ ಕಾಗದವನ್ನು ಪಿಷ್ಟದ ಗಂಜಿಯಿಂದ ಹಿಂಬದಿಗೆ ಅಂಟಿಸುವುದೇ ಸರಿಯಾದ ಕ್ರಮ. ನೀರು ತಾಗಿಸಿದರೆ ಬೇಕೆಂದಾಗ ಅದನ್ನು ಬಿಡಿಸಲೂ ಬರುತ್ತದೆ. ಇದು ನುರಿತವರ ಕೆಲಸ. ಬೆಂಗಳೂರಿನಲ್ಲಿ, ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ.

ನುಸಿಗುಳಿಗೆಯನ್ನು ನಾನು ಸೂಚಿಸುವುದಿಲ್ಲ, ಅದರ ಆವಿ ಮನೆಯವರ ಆರೋಗ್ಯಕ್ಕೆ ಒಳ್ಳೆಯದಲ್ಲ. ಒಣಹವೆಯ ದಿನಗಳಲ್ಲಿ ಪೆಟ್ಟಿಗೆ ತೆರೆದು ಪತ್ರಗಳನ್ನು ನೆರಳಿನಲ್ಲಿ ಗಾಳಿಗೆ ಹರಡಿ, ಬಿಸಿಲಿಗೆ ಬೇಡ.

ಸ್ಕ್ಯಾನ್ ಮಾಡಿಸಿಡಿ, ಆದರೆ ಅದು ಮೂಲಪತ್ರಕ್ಕೆ ಬದಲಿಯಲ್ಲ. ಕ್ರಯಪತ್ರ ನೋಂದಣಿಯಾಗಿದ್ದರೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ದೃಢೀಕೃತ ನಕಲನ್ನು ಕೇಳಬಹುದು. ನೋಂದಣಿಯಾಗದ ಪಾಲುಪಟ್ಟಿಗೆ ಆ ಆಸರೆಯಿಲ್ಲ; ಆದ್ದರಿಂದ ಎರಡರಲ್ಲಿ ಮೊದಲು ಅದನ್ನೇ ದುರಸ್ತಿಗೆ ಕೊಡಿ.