ಧಾಟಿ ಬದಲಾದರೆ ಕರ್ತೃವೂ ಬದಲಾದನೇ?

ಪ್ರಿಯರೇ,

ಬೈಬಲಿನ ಪ್ರವಾದಿ ಆಮೋಸನ ಪುಸ್ತಕದ ಕೊನೆಯಲ್ಲಿ ಬರುವ ಸಾಂತ್ವನದ ಐದು ವಚನಗಳು (ಅಧ್ಯಾಯ 9, ವಚನ 11–15) ಆಮೋಸನವಲ್ಲ ಎನ್ನುವ ನಿಮ್ಮ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ತೀರ್ಮಾನ ತಪ್ಪೆಂದಲ್ಲ, ಆಧಾರ ಸಾಲದು.

ಎಂಟು ಪುಟಗಳಲ್ಲಿ ಆರು ‘ಇಷ್ಟು ಕಟುವಾಗಿ ಬೈದವನು ಹೀಗೆ ಸಂತೈಸಿಯಾನೇ?’ ಎಂಬ ಪ್ರಶ್ನೆಯಲ್ಲೇ ಕಳೆದಿವೆ. ಸಂತೈಸಿಯಾನು. ಯೋಸೇಫನ ಮನೆತನದಲ್ಲಿ ಉಳಿದವರಿಗೆ ದೇವರು ಒಂದುವೇಳೆ ಕರುಣೆ ತೋರಬಹುದು ಎಂಬ ಮಾತು 5:15ರಲ್ಲೂ ಇದೆ. ಧಾಟಿಯಿಂದ ಅನುಮಾನ ಹುಟ್ಟಬಹುದು, ಅಷ್ಟೆ.

ನಿಜವಾದ ವಾದ 9:11ರ ‘ದಾವೀದನ ಬಿದ್ದ ಗುಡಿಸಲು’ ಎಂಬಲ್ಲಿದೆ. ಅದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಆಮೋಸನದು ಕ್ರಿ.ಪೂ. 8ನೇ ಶತಮಾನ, ಇಸ್ರಾಯೇಲಿನ ಅರಸ ಎರಡನೇ ಯಾರೊಬ್ಬಾಮನ ಕಾಲ. ಯೆರೂಸಲೇಮಿನಲ್ಲಿ ದಾವೀದನ ವಂಶದ ಆಳ್ವಿಕೆ ಮುಗಿದದ್ದು 587ರ ಸುಮಾರಿಗೆ. ಗುಡಿಸಲು ಎಂದರೆ ಆ ವಂಶವಾಗಿ, ಅದು ಬಿದ್ದೇಹೋಗಿದ್ದರೆ ಮಾತು ಆಮೋಸನದಾಗುವುದು ಕಷ್ಟ. ಆದರೆ ಹೀಬ್ರೂ ಮೂಲದ ‘ನೋಫೆಲೆತ್’ ಕೃದಂತ: ‘ಬಿದ್ದಿರುವ’ ಎಂದೂ ಆದೀತು, ‘ಬೀಳುತ್ತಿರುವ’ ಎಂದೂ ಆದೀತು. ಕನ್ನಡದಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು. ನೀವು ಆರಿಸಿಕೊಂಡಿರಿ, ಓದುಗರಿಗೆ ಹೇಳಲಿಲ್ಲ. ಎರಡು ಪುಟ ಇದಕ್ಕೇ ಕೊಡಿ. 9:12ರಲ್ಲಿ ಬರುವ ನೆರೆನಾಡು ಎದೋಮನ್ನೂ, ಯೆರೂಸಲೇಮ್ ಬಿದ್ದಾಗ ಅದು ನಡೆದುಕೊಂಡ ರೀತಿಯ ಮೇಲೆ ಪ್ರವಾದಿ ಓಬದ್ಯ ಕಾರಿದ ಸಿಟ್ಟಿನ ಪಕ್ಕದಲ್ಲಿಟ್ಟು ನೋಡಿ.

‘ಯಾರೋ ತಂದು ಅಂಟಿಸಿದ್ದು’ ಎಂಬ ಮಾತನ್ನಂತೂ ತೆಗೆಯಿರಿ. ದ್ರಾಕ್ಷಿತೋಟ ನೆಟ್ಟರೂ ಅದರ ರಸ ಕುಡಿಯಲಾರಿರಿ ಎನ್ನುತ್ತದೆ 5:11. ನೆಟ್ಟು ಕುಡಿಯುವರು ಎನ್ನುತ್ತದೆ 9:14. ಬರೆದವನು ಯಾರೇ ಆಗಲಿ, ಆಮೋಸನ ಶಾಪವನ್ನು ಬಲ್ಲವನು, ಅದನ್ನೇ ತಿರುವಿ ವರವಾಗಿಸಿದವನು. ಇಷ್ಟು ಒಳ್ಳೆಯ ಜಾಗವನ್ನು ಕಾಣದೆ ದಾಟಿದ್ದೀರಿ.

ಲೇಖನವನ್ನು ಇನ್ನೊಬ್ಬ ಪ್ರವಾದಿ ಯೆರೆಮೀಯನ ಪುಸ್ತಕದಿಂದ ಶುರುಮಾಡಿ. 33:14–26ರ ಹದಿಮೂರು ವಚನಗಳು, ದಾವೀದನಿಗೆ ಕೊಟ್ಟ ಮಾತು ತಪ್ಪದು ಎನ್ನುವ ಭಾಗ, ಹಳೆಯ ಗ್ರೀಕ್ ಅನುವಾದದಲ್ಲಿ ಇಲ್ಲವೇ ಇಲ್ಲ. ಅನುವಾದಕ ಬಿಟ್ಟಿರಬಹುದು ಎಂಬ ಆಕ್ಷೇಪ ಬರುತ್ತದೆ. ಆದರೆ ಆ ಗ್ರೀಕ್ ಪುಸ್ತಕ ಒಟ್ಟಾರೆ ಈಗಿನ ಹೀಬ್ರೂ ಪಾಠಕ್ಕಿಂತ ಸುಮಾರು ಎಂಟನೇ ಒಂದು ಪಾಲಿನಷ್ಟು ಕಡಿಮೆ. ಮೃತ ಸಮುದ್ರದ ಬಳಿಯ ಕುಮ್ರಾನಿನಲ್ಲಿ ಸಿಕ್ಕ ಹಳೆಯ ಹಸ್ತಪ್ರತಿಗಳಲ್ಲಿ ಒಂದು ಹೀಬ್ರೂ ತುಣುಕು ಆ ಚಿಕ್ಕ ಪಾಠಕ್ಕೇ ಹೊಂದುತ್ತದೆ. ತುಣುಕಿನಲ್ಲಿರುವುದು 9–10ನೇ ಅಧ್ಯಾಯಗಳ ಭಾಗ, 33 ಅಲ್ಲ, ಇದನ್ನು ಮುಚ್ಚಿಡಬೇಡಿ. ಹಸ್ತಪ್ರತಿಯ ಸಾಕ್ಷ್ಯ ಹೇಗಿರುತ್ತದೆಂದು ಓದುಗರು ಮೊದಲು ಕಂಡರೆ, ಆಮೋಸನ ವಿಷಯದಲ್ಲಿ ಅಂಥದ್ದು ಇಲ್ಲವೆಂಬುದೂ ಅವರಿಗೆ ತಿಳಿಯುತ್ತದೆ.

‘ನಕಲಿ’ ಎಂದು ಏಳು ಕಡೆ ಬರೆದಿದ್ದೀರಿ. ‘ಪ್ರಕ್ಷಿಪ್ತ’ (ಆಮೇಲೆ ಸೇರಿದ್ದು) ಎನ್ನಿ, ಅದೂ ತೋರಿಸಿಕೊಟ್ಟ ಮೇಲೆ. ತಿದ್ದಿ ಕಳಿಸಿ, ಮತ್ತೆ ಓದುತ್ತೇವೆ.